ಜೇಕು ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೆರೆ ಏರಿ, ಗದ್ದೆ ಬದು, ಬಚ್ಚಲ ನೀರು ಹರಿಯುವ ಜಾಗ. ಮಳೆ ಬಿದ್ದ ಮೇಲೆ ಜೇಕು ಇಲ್ಲದ ಕಡೆ ಹುಡುಕುವುದೇ ಕಷ್ಟ. ಆದರೂ ಅದನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲವನ್ನೂ ‘ಹುಲ್ಲು’ ಎಂದು ಸೇರಿಸಿಬಿಡುತ್ತೇವೆ. ನಾನು ಭೂತಗನ್ನಡಿ ಹಿಡಿದು ಕೆರೆ ಸುತ್ತುವ ಹವ್ಯಾಸಿ. ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೂ, ನಾನೇ ಎಡವಿ ಕಲಿತದ್ದನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ.

ಜೇಕು ಅಂದರೆ ಹುಲ್ಲೇ ಅಲ್ವಾ?

ನೋಡಲು ಹುಲ್ಲು, ವಂಶ ಬೇರೆ. ಭತ್ತ, ರಾಗಿ, ಗರಿಕೆ, ಕಬ್ಬು, ಬಿದಿರು ಎಲ್ಲ ಪೋಏಸಿ ಕುಟುಂಬದವು. ಜೇಕು ಸೈಪರೇಸಿ ಎಂಬ ಇನ್ನೊಂದು ಕುಟುಂಬದ್ದು. ಪ್ರಪಂಚದಲ್ಲಿ ಇದರ ಸುಮಾರು 5,500 ಜಾತಿಗಳಿವೆ.

ಹೆಸರಿನ ಗೊಂದಲವೂ ಇದೆ. ಕೆಲವು ಊರುಗಳಲ್ಲಿ ಜೇಕು ಅಂದರೆ ಕೊನ್ನಾರಿ ಗೆಡ್ಡೆಯ ಗಿಡ ಮಾತ್ರ. ಇನ್ನು ಕೆಲವು ಕಡೆ ನೀರಿನ ಪಕ್ಕ ಬೆಳೆಯುವ ಮೂರು ಮೂಲೆ ಕಾಂಡದ ಯಾವುದಾದರೂ ಜೇಕೇ. ಇಲ್ಲಿ ಇಡೀ ಕುಟುಂಬಕ್ಕೆ ಜೇಕು ಎಂದಿದ್ದೇನೆ. ಅದಕ್ಕಿಂತ ಒಳ್ಳೆಯ ಕನ್ನಡ ಹೆಸರು ನನಗೆ ಸಿಕ್ಕಿಲ್ಲ.

ಹುಲ್ಲಿಗೂ ಜೇಕಿಗೂ ಹೊಲದಲ್ಲೇ ವ್ಯತ್ಯಾಸ ತಿಳಿಯುವುದು ಹೇಗೆ?

ಕಾಂಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದು ನೋಡಿ. ಹುಲ್ಲಿನ ಕಾಂಡ ಸಲೀಸಾಗಿ ಉರುಳುತ್ತದೆ. ಜೇಕಿನದು ಅಂಚು ತಾಗಿ ತಾಗಿ ನಿಲ್ಲುತ್ತದೆ, ಏಕೆಂದರೆ ಅದಕ್ಕೆ ಮೂರು ಮೂಲೆ. ಬ್ಲೇಡಿನಲ್ಲಿ ಅಡ್ಡ ಕೊಯ್ದರೆ ತ್ರಿಕೋನ ಕಾಣುತ್ತದೆ.

ಆಮೇಲೆ ಗೆಣ್ಣು ಹುಡುಕಿ. ಹುಲ್ಲಿಗೆ ಉದ್ದಕ್ಕೂ ಗೆಣ್ಣುಗಳಿರುತ್ತವೆ. ಜೇಕಿನ ಕಾಂಡ ಸಾಮಾನ್ಯವಾಗಿ ಬುಡದಿಂದ ತೆನೆಯವರೆಗೆ ಗೆಣ್ಣಿಲ್ಲದೆ ಒಂದೇ ಸಮ ಹೋಗುತ್ತದೆ. ‘ಒಳಗೆ ಟೊಳ್ಳಿದ್ದರೆ ಹುಲ್ಲು, ಗಟ್ಟಿಯಿದ್ದರೆ ಜೇಕು’ ಎಂದು ಕೆಲವರು ಹೇಳುವುದುಂಟು. ಅದನ್ನೇ ನೆಚ್ಚಿಕೊಂಡರೆ ಕಬ್ಬು ಮತ್ತು ಜೋಳದ ಮುಂದೆ ಸೋಲುತ್ತೀರಿ. ಅವುಗಳ ಕಾಂಡ ಗಟ್ಟಿ, ಆದರೆ ಗೆಣ್ಣಿದೆ.

ಇನ್ನೊಂದು ಗುರುತು ಎಲೆಯ ಬುಡದ ಕವಚ. ಹುಲ್ಲಿನ ಎಲೆ ಕಾಂಡವನ್ನು ಪಂಚೆ ಉಟ್ಟ ಹಾಗೆ ಸುತ್ತಿರುತ್ತದೆ, ಒಂದು ಅಂಚು ಇನ್ನೊಂದರ ಮೇಲೆ ಬಂದಿರುತ್ತದೆ, ಉಗುರಿನಲ್ಲಿ ಬಿಡಿಸಬಹುದು. ಜೇಕಿನದು ಹೊಲಿದ ಲುಂಗಿ. ಸುತ್ತ ಒಂದೇ ಕೊಳವೆ, ಬಿಡಿಸಲು ಹೋದರೆ ಹರಿಯುತ್ತದೆ. ಹುಲ್ಲಿನಲ್ಲಿ ಎಲೆ ಕಾಂಡಕ್ಕೆ ಸೇರುವ ಕಡೆ ನಾಲಗೆಯಂಥ ಸಣ್ಣ ಪೊರೆ ಅಥವಾ ರೋಮದ ಸಾಲು ಇರುತ್ತದೆ. ಜೇಕಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಗಮನಕ್ಕೆ ಬಾರದಷ್ಟು ಸಣ್ಣದು. ಕೊನೆಗೆ ಗಿಡವನ್ನು ನೇರ ಮೇಲಿಂದ ನೋಡಿ. ಹುಲ್ಲಿನ ಎಲೆ ಎರಡು ಸಾಲು, ಜೇಕಿನದು ಮೂರು ಸಾಲು.

ಕಾಂಡ ಗುಂಡಗಿದ್ದರೆ ಜೇಕಲ್ಲ ಎಂದು ಬಿಟ್ಟುಬಿಡಬಹುದಾ?

ಬಿಡಬೇಡಿ. ಕೆರೆಯ ನೀರಿನಲ್ಲಿ ನಿಲ್ಲುವ ಎಲಿಯೋಕಾರಿಸ್, ಶೀನೋಪ್ಲೆಕ್ಟಸ್ ಗುಂಪಿನ ಎಷ್ಟೋ ಜಾತಿಗಳ ಕಾಂಡ ಪೆನ್ಸಿಲ್ಲಿನ ಹಾಗೆ ಗುಂಡು. ಗದ್ದೆಯ ಫಿಂಬ್ರಿಸ್ಟೈಲಿಸ್ ಒಂದಕ್ಕೆ ನಾಲ್ಕೈದು ಮೂಲೆ, ಸಾಲದ್ದಕ್ಕೆ ಎಲೆಗಳೂ ಎರಡೇ ಸಾಲು. ಒಂದು ಗುರುತು ತಪ್ಪಿದರೆ ಉಳಿದವನ್ನು ನೋಡಿ. ಒಂದೇ ಗುರುತಿನ ಮೇಲೆ ಹೆಸರಿಟ್ಟರೆ ಜೇಕು ಖಂಡಿತ ಮೋಸ ಮಾಡುತ್ತದೆ.

ಆಪು, ಲಾವಂಚ, ದರ್ಭೆ ಕೂಡ ಜೇಕೇನಾ?

ಮೂರೂ ಅಲ್ಲ. ಕಂದು ಬಣ್ಣದ ಸೌತೆಕಾಯಿಯಂಥ ತೆನೆ ಬಿಡುವ ಆಪು ಟೈಫಾ, ಅದರ ಕುಟುಂಬವೇ ಬೇರೆ. ಲಾವಂಚವೂ ದರ್ಭೆಯೂ ಅಸಲಿ ಹುಲ್ಲುಗಳು. ‘ಜೊಂಡು’ ಎಂಬ ಮಾತಿಗಂತೂ ಲೆಕ್ಕವಿಲ್ಲ. ನೀರಿನಲ್ಲಿ ಎತ್ತರಕ್ಕೆ ಬೆಳೆದದ್ದೆಲ್ಲ ಜೊಂಡು.

ಏನೇನು ಸಾಮಾನು ಬೇಕು?

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಡಚುವ ಭೂತಗನ್ನಡಿ. ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದ್ದೇ ಸಾಕು. ಒಂದು ಹೊಲಿಗೆ ಸೂಜಿ, ಒಂದು ಬ್ಲೇಡು, ಮಿಲಿಮೀಟರ್ ಗೆರೆಯ ಗ್ರಾಫ್ ಹಾಳೆಯ ತುಂಡು, ಅಗೆಯಲು ಹಳೆಯ ಸ್ಕ್ರೂಡ್ರೈವರ್. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು ಗಿಡವನ್ನು ಹತ್ತಿರ ತನ್ನಿ. ಎಷ್ಟೋ ಜನ ಕನ್ನಡಿಯನ್ನು ಗಿಡದ ಹತ್ತಿರ ಹಿಡಿದು, ತಾವು ದೂರ ನಿಂತು, ಏನೂ ಕಾಣುವುದಿಲ್ಲ ಎನ್ನುತ್ತಾರೆ.

ಯಾವ ತಿಂಗಳಲ್ಲಿ ನೋಡಬೇಕು?

ಹೂವಿಲ್ಲದ ಜೇಕಿಗೆ ಹೆಸರಿಡಲು ಹೋಗಬೇಡಿ. ಬೀಜ ಬಲಿತ ಗಿಡವೇ ಬೇಕು. ಆಗಸ್ಟ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ನೀರು ಇಳಿದ ಕೆರೆಯಂಗಳವನ್ನೂ ಬಿಡಬೇಡಿ. ತೇವ ಉಳಿದ ಕೆಸರಲ್ಲಿ ಬೆರಳುದ್ದದ ಪುಟ್ಟ ಜಾತಿಗಳು ಆಗಲೇ ಕಾಣಿಸಿಕೊಳ್ಳುವುದು.

ಗಿಡ ಕೈಗೆ ಸಿಕ್ಕಿತು. ಮೊದಲು ಏನು ನೋಡಲಿ?

ಎಲೆಯನ್ನು ಕೊನೆಗೆ ಇಟ್ಟುಕೊಳ್ಳಿ. ಎಲ್ಲರೂ ಎಲೆಯಿಂದ ಶುರು ಮಾಡುತ್ತಾರೆ, ಅಲ್ಲೇ ದಾರಿ ತಪ್ಪುತ್ತಾರೆ. ಎಲೆಯ ಉದ್ದ, ಹಸಿರಿನ ಗಾಢತೆ ಎಲ್ಲ ನೀರು, ನೆರಳು, ಗೊಬ್ಬರ ನೋಡಿ ಬದಲಾಗುತ್ತವೆ. ಒಂದೇ ಜಾತಿ ಬದುವಿನ ಮೇಲೆ ಗೇಣುದ್ದ, ಗದ್ದೆಯೊಳಗೆ ಮೊಣಕಾಲೆತ್ತರ.

ನಾನು ಕೆಳಗಿಂದ ಮೇಲೆ ಹೋಗುತ್ತೇನೆ. ಮೊದಲು ಮಣ್ಣು ಬಿಡಿಸಿ ಬೇರು ನೋಡುತ್ತೇನೆ. ಬರೀ ನಾರುಬೇರೇ, ಅಡ್ಡಡ್ಡ ಹರಿಯುವ ಬೇರುಕಾಂಡವೇ, ಗೆಡ್ಡೆಯೇ? ಹಿಡಿದು ಕಿತ್ತರೆ ಇದ್ದ ಗೆಡ್ಡೆ ಮಣ್ಣಲ್ಲೇ ಉಳಿದು, ಇಲ್ಲ ಎನಿಸಿಬಿಡುತ್ತದೆ. ಅಗೆಯಲೇಬೇಕು. ಆಮೇಲೆ ಕಾಂಡದ ಆಕಾರ. ನಂತರ ತೆನೆಯ ಬುಡದಲ್ಲಿ ಎಲೆಯಂಥವು ಇವೆಯೇ, ಎಷ್ಟಿವೆ, ತೆನೆಗಿಂತ ಉದ್ದವೇ ಎಂಬುದು.

ಮುಂದಿನದು ನಿಜವಾದ ಕೆಲಸ. ತೆನೆ ಸಣ್ಣ ಸಣ್ಣ ಕಿರುತೆನೆಗಳಿಂದ ಆಗಿರುತ್ತದೆ. ಒಂದು ಕಿರುತೆನೆಯಲ್ಲಿ ದೋಣಿಯಾಕಾರದ ಪುಟ್ಟ ಹೊಟ್ಟುಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದೊಂದು ಹೊಟ್ಟಿನ ಮಡಿಲಲ್ಲಿ ಒಂದು ಹೂವು, ಆಮೇಲೆ ಒಂದು ಗಟ್ಟಿ ಬೀಜ. (ಕಟ್ಟುನಿಟ್ಟಾಗಿ ಹೇಳಿದರೆ ಅದು ಒಂದೇ ಬೀಜದ ಒಣ ಕಾಯಿ. ನಾನು ಬೀಜ ಎಂದೇ ಕರೆಯುತ್ತೇನೆ.) ಹೂವಿನ ತುದಿಯಲ್ಲಿ ಹೊರಗೆ ಇಣುಕುವ ಶಲಾಕಾಗ್ರದ (ಪರಾಗ ಹಿಡಿಯುವ ಭಾಗದ) ಎಳೆಗಳು ಎರಡೋ ಮೂರೋ ಎಂದು ಎಣಿಸಬೇಕು. ಹೊಟ್ಟುಗಳು ಹೇಗೆ ಜೋಡಿಸಿಕೊಂಡಿವೆ, ಎಳೆ ಎಷ್ಟು, ಬೀಜ ಹೇಗಿದೆ. ಈ ಮೂರು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಎಳೆಗಳು ಒಣಗಿ ಉದುರಿದ್ದರೆ ಎಣಿಸುವುದು ಹೇಗೆ?

ಬೀಜ ನೋಡಿ. ಮೂರು ಎಳೆ ಇದ್ದದ್ದರ ಬೀಜಕ್ಕೆ ಸಾಮಾನ್ಯವಾಗಿ ಮೂರು ಮೂಲೆ. ಎರಡು ಎಳೆ ಇದ್ದದ್ದರ ಬೀಜ ಅವರೆ ಬೇಳೆಯ ಹಾಗೆ ಚಪ್ಪಟೆ. ಹೊಟ್ಟನ್ನು ಸೂಜಿಯಲ್ಲಿ ಮೀಟಿ, ಬೀಜವನ್ನು ಕಪ್ಪು ಬಟ್ಟೆಯ ಮೇಲೆ ಬೀಳಿಸಿ ಉರುಳಿಸಿ ನೋಡಿ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಅರ್ಧ ಗಂಟೆಯ ಕೆಲಸ ಹಾರಿಹೋಗುತ್ತದೆ.

ಮುಖ್ಯ ಕುಲಗಳನ್ನು ಬೇರೆ ಮಾಡುವುದು ಹೇಗೆ?

ಹೊಟ್ಟಿನ ಜೋಡಣೆಯಿಂದ ಶುರು ಮಾಡಿ. ಕಿರುತೆನೆ ಚಪ್ಪಟೆಯಾಗಿ, ಹೊಟ್ಟುಗಳು ಜಡೆ ಹೆಣೆದ ಹಾಗೆ ಎದುರುಬದುರು ಎರಡು ಸಾಲಿದ್ದರೆ ನೀವು ಸೈಪರಸ್ ಬಳಗದಲ್ಲಿದ್ದೀರಿ. ಹೊಟ್ಟುಗಳು ಅನಾನಸ್ ಹಣ್ಣಿನ ಕಣ್ಣುಗಳ ಹಾಗೆ ಸುತ್ತಲೂ ಸುರುಳಿಯಾಗಿ ಕೂತಿದ್ದರೆ ಬಹುಪಾಲು ಫಿಂಬ್ರಿಸ್ಟೈಲಿಸ್, ಬಲ್ಬೋಸ್ಟೈಲಿಸ್, ಎಲಿಯೋಕಾರಿಸ್, ಶೀನೋಪ್ಲೆಕ್ಟಸ್ ಕಡೆ ಹೋಗಬೇಕು.

ಸೈಪರಸ್ ಬಳಗದ ಒಳಗೆ ಹೀಗೆ. ಮೂರು ಎಳೆ, ಮೂರು ಮೂಲೆಯ ಬೀಜ ಇದ್ದರೆ ಸಾಮಾನ್ಯ ಸೈಪರಸ್. ಎರಡು ಎಳೆ ಇದ್ದು ಬೀಜ ಅಕ್ಕಪಕ್ಕದಿಂದ ಅದುಮಿದ ಹಾಗೆ ಚಪ್ಪಟೆಯಾಗಿ, ಅದರ ಅಂಚು ಕಿರುತೆನೆಯ ನಡುದಂಟಿಗೆ ಮುಖ ಮಾಡಿದ್ದರೆ ಪೈಕ್ರಿಯಸ್. ಕಿರುತೆನೆಗಳೆಲ್ಲ ಒತ್ತೊತ್ತಾಗಿ ಸೇರಿ ಗುಂಡಿಯಂಥ ಒಂದು ಉಂಡೆಯಾಗಿ, ಒಂದೊಂದು ಕಿರುತೆನೆಯಲ್ಲೂ ಸಾಮಾನ್ಯವಾಗಿ ಒಂದೇ ಬೀಜ ಇದ್ದರೆ ಕಿಲ್ಲಿಂಗ.

ಸುರುಳಿ ಗುಂಪಿನಲ್ಲಿ ಬೀಜದ ನೆತ್ತಿ ನೋಡಬೇಕು. ಫಿಂಬ್ರಿಸ್ಟೈಲಿಸ್ ಹೂವಿನ ಶಲಾಕೆಯ (ಆ ಎಳೆಗಳನ್ನು ಹೊತ್ತ ಕಡ್ಡಿಯ) ಬುಡ ದಪ್ಪಗಿರುತ್ತದೆ, ಆದರೆ ಬೀಜ ಬಲಿತಾಗ ಪೂರ್ತಿ ಉದುರಿ ನೆತ್ತಿ ಬೋಳಾಗುತ್ತದೆ. ಎಷ್ಟೋ ಜಾತಿಗಳ ಶಲಾಕೆಗೆ ಸೆರಗಿನ ಕುಚ್ಚಿನಂಥ ರೋಮಗಳಿರುತ್ತವೆ. ಕುಲದ ಹೆಸರು ಬಂದದ್ದೇ ಆ ಕುಚ್ಚಿನಿಂದ. ಬಲ್ಬೋಸ್ಟೈಲಿಸ್‌ನಲ್ಲಿ ಆ ದಪ್ಪ ಬುಡ ಉದುರದೆ ಬೀಜದ ತಲೆಯ ಮೇಲೆ ಪುಟ್ಟ ಗಂಟಾಗಿ ಉಳಿಯುತ್ತದೆ. ಇದರ ಎಲೆಗಳು ದಾರದಷ್ಟು ಸಪೂರ, ಕವಚದ ಬಾಯಲ್ಲಿ ಉದ್ದನೆಯ ಬಿಳಿ ರೋಮ. ಮರಳು ನೆಲದಲ್ಲಿ ಕಾಣುವ ಬಲ್ಬೋಸ್ಟೈಲಿಸ್ ಬಾರ್ಬಾಟದಲ್ಲಿ ಈ ರೋಮ ಬರಿಗಣ್ಣಿಗೂ ಕಾಣುತ್ತದೆ.

ಎಲಿಯೋಕಾರಿಸ್ ಸುಲಭ. ಕಡ್ಡಿಯ ತುದಿಯಲ್ಲಿ ಒಂದೇ ಒಂದು ಕಿರುತೆನೆ, ಬೆಂಕಿಕಡ್ಡಿಯ ಮದ್ದಿನ ಹಾಗೆ. ಅದರ ಕೆಳಗೆ ಎಲೆಯೇ ಇಲ್ಲ. ಫ್ಯೂಯಿರೇನ ಕೂಡ ಬೇಗ ತಿಳಿಯುತ್ತದೆ. ಗಿಡವೆಲ್ಲ ರೋಮ, ಹೊಟ್ಟಿನ ತುದಿಯಲ್ಲಿ ಮುಳ್ಳಿನಂಥ ಕೊಕ್ಕೆ, ಕೈಯಲ್ಲಿ ಹಿಡಿದರೆ ಒರಟು.

ಕೊನ್ನಾರಿ ಗೆಡ್ಡೆ ಇದೇ ಎಂದು ಖಚಿತವಾಗಿ ಹೇಳುವುದು ಹೇಗೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೊನ್ನಾರಿ, ತುಂಗೆ, ಭದ್ರಮುಷ್ಟಿ, ಎಲ್ಲವೂ ಸೈಪರಸ್ ರೊಟಂಡಸ್. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು ಇನ್ನೂ ಹಾಗೇ ಇದೆ.

ಮೊದಲ ಸಾಕ್ಷಿ ನೆಲದೊಳಗೆ. ಗಿಡದ ಬುಡವೇ ಈರುಳ್ಳಿಯಂತೆ ಸ್ವಲ್ಪ ಊದಿರುತ್ತದೆ. ಅಲ್ಲಿಂದ ತಂತಿಯಂಥ ಬೇರುಕಾಂಡ ಹೊರಟು ಒಂದು ಗೆಡ್ಡೆ, ಮತ್ತೆ ತಂತಿ, ಮತ್ತೊಂದು ಗೆಡ್ಡೆ ಎಂದು ಸರದ ಮಣಿಯ ಹಾಗೆ ಮುಂದುವರಿಯುತ್ತದೆ. ಗೆಡ್ಡೆ ಹೊರಗೆ ಕಪ್ಪುಕಂದು, ಸಿಪ್ಪೆ ಸಿಪ್ಪೆ. ಒಳಗೆ ಬಿಳಿ. ಮುರಿದು ಮೂಸಿದರೆ ಊದುಬತ್ತಿ ಅಂಗಡಿಯ ಪರಿಮಳ. ಗ್ರಂಥಿಗೆ ಅಂಗಡಿಯಲ್ಲಿ ಭದ್ರಮುಷ್ಟಿ ಎಂದು ಕೊಡುವುದು ಇದನ್ನೇ ಒಣಗಿಸಿ. ನಾಲಗೆಗೆ ಕಹಿ.

ಮೇಲೆ ತೆನೆ ಛತ್ರಿಯ ಕಡ್ಡಿಗಳ ಹಾಗೆ ಹರಡಿರುತ್ತದೆ. ಕಡ್ಡಿಗಳ ಉದ್ದ ಒಂದೇ ಸಮ ಇರುವುದಿಲ್ಲ. ಕಿರುತೆನೆಗಳು ಒಂದರಿಂದ ಮೂರು ಸೆಂಟಿಮೀಟರ್ ಉದ್ದ, ಎರಡು ಮಿಲಿಮೀಟರ್ ಒಳಗಿನ ಅಗಲ, ಕೆಂಪುಕಂದು ಬಣ್ಣ. ಎಳೆ ಮೂರು. ಬಲಿತ ಬೀಜ ಸಿಗುವುದು ಅಪರೂಪ, ಏಕೆಂದರೆ ಈ ಗಿಡ ಹರಡುವುದು ಮುಖ್ಯವಾಗಿ ಗೆಡ್ಡೆಯಿಂದ. ಎಷ್ಟು ಹೊಟ್ಟು ಬಿಡಿಸಿದರೂ ಬೀಜ ಸಿಗದಿದ್ದರೆ ಬೇಜಾರಾಗಬೇಡಿ. ಅದೂ ಒಂದು ಸುಳಿವೇ.

ಇದರ ಜೊತೆ ಗೊಂದಲವಾಗುವುದು ಸೈಪರಸ್ ಎಸ್ಕ್ಯುಲೆಂಟಸ್. ಅದರ ಕಿರುತೆನೆ ಹುಲ್ಲುಹಳದಿ, ಕೆಂಪಲ್ಲ. ಎಲೆಯ ಹಸಿರು ತಿಳಿ, ತುದಿ ನಿಧಾನಕ್ಕೆ ಸಪೂರವಾಗುತ್ತಾ ಸೂಜಿಯಾಗುತ್ತದೆ. ಗೆಡ್ಡೆ ತಂತಿಯ ಕೊನೆಯಲ್ಲಿ ಒಂದೇ, ಸರಮಾಲೆ ಇಲ್ಲ. ರುಚಿ ಸಿಹಿ. ಸ್ಪೇನ್‌ನಲ್ಲಿ ಇದರ ಗೆಡ್ಡೆಯನ್ನು ರುಬ್ಬಿ ಹೋರ್ಚಾಟ ಎಂಬ ತಂಪು ಪಾನೀಯ ಮಾಡುತ್ತಾರೆ. ರುಚಿ ನೋಡಿ ಹೆಸರಿಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಅದರಲ್ಲೂ ಔಷಧ ಹೊಡೆದ ಹೊಲದಲ್ಲಿ.

ಗದ್ದೆಯಲ್ಲಿ ಮೂರು ನಾಲ್ಕು ಬಗೆ ಕಾಣುತ್ತವೆ. ಎಲ್ಲವೂ ಕೊನ್ನಾರಿಯೇ?

ಅಲ್ಲವೇ ಅಲ್ಲ. ನಾನೂ ಎರಡು ಮಳೆಗಾಲ ಇದೇ ತಪ್ಪು ಮಾಡಿದೆ. ನಮ್ಮ ಗದ್ದೆಯ ಜೇಕನ್ನೆಲ್ಲ ಕೊನ್ನಾರಿ ಎಂದು ಬರೆದಿಟ್ಟೆ. ಒಮ್ಮೆ ಅಗೆದು ನೋಡಿದರೆ ಒಂದಕ್ಕೂ ಗೆಡ್ಡೆ ಇಲ್ಲ!

ಅದು ಸೈಪರಸ್ ಐರಿಯ. ಒಂದೇ ವರ್ಷ ಬಾಳುವ ಗಿಡ, ಬೇರು ಬರೀ ನಾರು, ಹಳದಿ ಮಿಶ್ರಿತ ಕೆಂಪು. ತೆನೆ ಹೊಂಬಣ್ಣ. ಹೊಟ್ಟುಗಳು ಬಿಡಿಬಿಡಿಯಾಗಿ ಕೂತಿರುವುದರಿಂದ ಕಿರುತೆನೆಯ ಅಂಚು ಗರಗಸದ ಹಾಗೆ ಕಾಣುತ್ತದೆ. ಹೊಟ್ಟಿನ ತುದಿ ದುಂಡಗೆ, ಉದ್ದ ಒಂದೂವರೆ ಮಿಲಿಮೀಟರ್ ಒಳಗೆ. ಬೀಜ ಕಪ್ಪುಕಂದು, ಮೂರು ಮೂಲೆ, ಧಾರಾಳವಾಗಿ ಸಿಗುತ್ತದೆ.

ಸೈಪರಸ್ ಡಿಫಾರ್ಮಿಸ್ ನೋಡಿದ ಕೂಡಲೇ ತಿಳಿಯುತ್ತದೆ. ಕಿರುತೆನೆಗಳು ಒತ್ತಿಕೊಂಡು ಕಡಲೆ ಗಾತ್ರದ ಉಂಡೆಗಳಾಗಿರುತ್ತವೆ. ಹಸಿರು, ಕಂದು, ಕೆನ್ನೇರಳೆ ಸೇರಿದ ಮಾಸಲು ಬಣ್ಣ. ಕಾಂಡ ಮೆತ್ತಗೆ, ಬೆರಳಲ್ಲಿ ಹಿಸುಕಿದರೆ ಅಪ್ಪಚ್ಚಿ. ಹೊಟ್ಟು ಒಂದು ಮಿಲಿಮೀಟರ್ ಕೂಡ ಇಲ್ಲ, ಭೂತಗನ್ನಡಿ ಇಲ್ಲದೆ ಕಾಣುವುದಿಲ್ಲ.

ಮೂರನೆಯದು ಮೊದಲೇ ಹೇಳಿದ ಆ ಮೋಸಗಾರ, ಫಿಂಬ್ರಿಸ್ಟೈಲಿಸ್ ಮಿಲಿಯೇಸಿಯ. ಬುಡದ ಎಲೆಗಳು ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ಎರಡು ಕಡೆ ಹರಡಿರುತ್ತವೆ. ಮೇಲೆ ಕವಲೊಡೆದ ತೆನೆಯಲ್ಲಿ ರಾಗಿ ಕಾಳಿನಂಥ ಕೆಂಪುಕಂದು ಕಿರುತೆನೆಗಳು ಬಿಡಿಬಿಡಿಯಾಗಿ ಚೆಲ್ಲಿದಂತೆ ಇರುತ್ತವೆ. ಬದುವಿನ ಮೇಲೆ ಸಿಗುವ ಫಿಂಬ್ರಿಸ್ಟೈಲಿಸ್ ಡೈಕಾಟಮದ ಕಿರುತೆನೆ ಮೊಟ್ಟೆಯಾಕಾರ, ಗಾತ್ರವೂ ದೊಡ್ಡದು. ಅದರ ಎಳೆ ಎರಡು. ಬೀಜ ಬೆಳ್ಳಗೆ, ಮೇಲೆ ಉದ್ದ ಗೆರೆ, ನಡುವೆ ಅಡ್ಡಗೆರೆ, ಪುಟ್ಟ ಜಾಲರಿ. ಭೂತಗನ್ನಡಿ ಕೊಂಡವರು ಮೊದಲು ನೋಡಬೇಕಾದ್ದು ಈ ಬೀಜ. ಅಷ್ಟು ಚೆಂದ.

ಬೇರೆ ಬೇರೆ ಜಾತಿ ಎಂದು ತಿಳಿದು ರೈತರಿಗೆ ಏನು ಲಾಭ?

ಜಾಸ್ತಿಯೇ ಇದೆ. ಐರಿಯ, ಡಿಫಾರ್ಮಿಸ್ ಬೀಜದಿಂದ ಬರುವಂಥವು. ಬೀಜ ಉದುರುವ ಮೊದಲು ಕಿತ್ತರೆ ಮುಂದಿನ ವರ್ಷ ಕಡಿಮೆ. ಕೊನ್ನಾರಿಯನ್ನು ಹಾಗೆ ಕಿತ್ತರೆ ಮೇಲಿನ ಗಿಡ ಬರುತ್ತದೆ, ಗೆಡ್ಡೆ ಒಳಗೇ ಉಳಿಯುತ್ತದೆ. ಸರಮಾಲೆ ತುಂಡಾದಾಗ ಅಲ್ಲಿಯವರೆಗೆ ಸುಮ್ಮನೆ ಮಲಗಿದ್ದ ಗೆಡ್ಡೆಗಳೂ ಚಿಗುರುತ್ತವೆ. ರೋಟವೇಟರ್ ಹೊಡೆದ ಮೇಲೆ ಜಾಸ್ತಿಯಾಯಿತು ಎಂದು ಜನ ಹೇಳುವುದು ಸುಳ್ಳಲ್ಲ. ಒಣ ಬೇಸಿಗೆಯಲ್ಲಿ ಆಳವಾಗಿ ಉತ್ತು ಗೆಡ್ಡೆಯನ್ನು ಬಿಸಿಲಿಗೆ ಹಾಕಿದರೆ ಒಣಗಿ ಸಾಯುತ್ತವೆ.

ಕಳೆನಾಶಕದಲ್ಲೂ ಇದೇ ಕಥೆ. ಕ್ವಿಜಾಲೋಫಾಪ್‌ನಂಥವು ಹುಲ್ಲನ್ನು ಮಾತ್ರ ಕೊಲ್ಲುತ್ತವೆ, ಜೇಕಿಗೆ ಏನೂ ಆಗುವುದಿಲ್ಲ. ‘ನಕಲಿ ಔಷಧ ಕೊಟ್ಟರು’ ಎಂದು ಅಂಗಡಿಯವರ ಜೊತೆ ಜಗಳವಾಡುವ ಮೊದಲು ಕಾಂಡ ಹೊಸೆದು ನೋಡಿ. ಕಬ್ಬಿನಲ್ಲಿ ಕೊನ್ನಾರಿಗೆಂದೇ ಹ್ಯಾಲೋಸಲ್ಫ್ಯೂರಾನ್ ಬಳಸುತ್ತಾರೆ. ಪ್ರಮಾಣ, ಸಮಯ ಎಲ್ಲ ರೈತ ಸಂಪರ್ಕ ಕೇಂದ್ರದಲ್ಲಿ ಗಿಡ ತೋರಿಸಿಯೇ ಕೇಳಿ.

ಕೆರೆಯಲ್ಲಿ ಎಲೆಯೇ ಇಲ್ಲದ ಹಸಿರು ಕಡ್ಡಿಗಳು ನಿಂತಿವೆ. ಅವು ಯಾವುವು?

ತೆನೆ ಎಲ್ಲಿದೆ ನೋಡಿ. ತುದಿಯಲ್ಲಿ ಒಂಟಿಯಾಗಿದ್ದರೆ ಎಲಿಯೋಕಾರಿಸ್. ಎಲೆಗಳು ಬುಡದಲ್ಲಿ ಬರೀ ಕವಚವಾಗಿ ಉಳಿದಿರುತ್ತವೆ. ದೊಡ್ಡದಾದ ಎಲಿಯೋಕಾರಿಸ್ ಡಲ್ಸಿಸ್‌ನ ಕಾಂಡ ಟೊಳ್ಳು, ಒಳಗೆ ಅಡ್ಡ ಪರದೆಗಳಿವೆ. ಬೆರಳಲ್ಲಿ ಒತ್ತುತ್ತಾ ಹೋದರೆ ಪಟ್ ಪಟ್ ಎನ್ನುತ್ತದೆ. ಮಕ್ಕಳಿಗೆ ಕೊಟ್ಟರೆ ಮುಗಿಯಿತು, ಮಾದರಿ ವಾಪಸ್ ಬರುವುದಿಲ್ಲ. ಚೀನೀ ಅಡುಗೆಯ ‘ವಾಟರ್ ಚೆಸ್ಟ್‌ನಟ್’ ಇದೇ ಜಾತಿಯ ಗೆಡ್ಡೆ.

ತೆನೆ ಕಡ್ಡಿಯ ಪಕ್ಕದಿಂದ ಹೊರಟಂತೆ ಕಂಡರೆ ಅದು ಶೀನೋಪ್ಲೆಕ್ಟಸ್ ಬಳಗ. ಇಲ್ಲಿ ಕಣ್ಣಿಗೆ ಒಂದು ಮೋಸ ಇದೆ. ತೆನೆಯಿಂದ ಮೇಲಕ್ಕೆ ಹೋಗುವುದು ಕಾಂಡವಲ್ಲ, ತೆನೆಯ ಬುಡದ ಎಲೆ. ಅದು ಕಾಂಡದಷ್ಟೇ ಗುಂಡಗೆ, ನೆಟ್ಟಗೆ ನಿಂತಿರುತ್ತದೆ. ಶೀನೋಪ್ಲೆಕ್ಟಿಯೆಲ್ಲ ಆರ್ಟಿಕ್ಯುಲಾಟದಲ್ಲಿ ಆ ಎಲೆ ಕಾಂಡಕ್ಕಿಂತಲೂ ಉದ್ದ. ಹಾಗಾಗಿ ಕಂದು ಕಿರುತೆನೆಗಳ ಗೊಂಚಲು ಕಡ್ಡಿಯ ನಡುವಿಗಿಂತ ಕೆಳಗೆ ಅಂಟಿಸಿದಂತೆ ಕಾಣುತ್ತದೆ.

ಹುಲ್ಲುಹಾಸಿನಲ್ಲಿ ಬಿಳಿ ಗುಂಡಿಯಂಥ ಹೂವು. ಅದೂ ಜೇಕಾ?

ಹೌದು, ಕಿಲ್ಲಿಂಗ ನೆಮೊರಾಲಿಸ್. ಪಾರ್ಕು, ತೋಟ, ಮನೆಯಂಗಳ ಎಲ್ಲ ಕಡೆ ಇದೆ. ಬಿಳಿ ಉಂಡೆಯ ಕೆಳಗೆ ಸಾಮಾನ್ಯವಾಗಿ ಮೂರು ಎಲೆ. ಉಂಡೆ ಹಸಿರಾಗಿದ್ದರೆ ಕಿಲ್ಲಿಂಗ ಬ್ರೆವಿಫೋಲಿಯ ಇರಬಹುದು. ಬಣ್ಣ ಒಂದನ್ನೇ ನಂಬಬೇಡಿ, ಹೊಟ್ಟಿನ ಬೆನ್ನು ನೋಡಿ. ನೆಮೊರಾಲಿಸ್‌ನಲ್ಲಿ ಅಲ್ಲಿ ಸಣ್ಣ ರೆಕ್ಕೆಯಂಥ ಏಣು ಎದ್ದಿರುತ್ತದೆ. ಬ್ರೆವಿಫೋಲಿಯದಲ್ಲಿ ರೆಕ್ಕೆ ಇಲ್ಲ.

ಮಲೆನಾಡಿನಲ್ಲಿ ಕೈ ಕೊಯ್ಯುವ ಒಂದು ಜೇಕು ಇದೆ. ಯಾವುದು?

ಸ್ಕ್ಲೀರಿಯ ಇರಬೇಕು. ಎಲೆಯ ಅಂಚು, ಕಾಂಡದ ಮೂಲೆ ಎರಡೂ ಅರದ ಹಾಗೆ. ಲಂಗ, ಪಂಚೆಗೂ ಹಿಡಿಯುತ್ತದೆ. ಬೀಜ ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಪಿಂಗಾಣಿಯಂಥ ಗಟ್ಟಿ ಮಣಿ, ಸಾಮಾನ್ಯವಾಗಿ ಬಿಳಿ. ಹೆಣ್ಣು ಹೂವು ಗಂಡು ಹೂವು ಬೇರೆ ಬೇರೆ. ಬೀಜದ ಕೆಳಗೆ ಪುಟ್ಟ ತಟ್ಟೆಯಂಥದ್ದು ಇರುತ್ತದೆ. ಅದರ ಆಕಾರ, ಬೀಜದ ಮೇಲ್ಮೈ ನುಣುಪೋ ಜಾಲರಿಯೋ ಎಂಬುದರಿಂದ ಜಾತಿ ತಿಳಿಯುತ್ತದೆ.

ಇನ್ನೂ ಮೇಲೆ, ಶೋಲಾ ಕಾಡಿನ ಅಂಚು, ತಂಪು ಬೆಟ್ಟಗಳಿಗೆ ಹೋದರೆ ಕಾರೆಕ್ಸ್ ಸಿಗಬಹುದು. ಪ್ರಪಂಚದಲ್ಲಿ ಜೇಕಿನ ಅತಿ ದೊಡ್ಡ ಕುಲ ಇದೇ, ಸುಮಾರು 2,000 ಜಾತಿ. ಹೆಚ್ಚಿನವು ಚಳಿ ದೇಶಗಳವು. ಇದರ ಬೀಜ ಬರಿಮೈಯಲ್ಲಿ ಇರುವುದಿಲ್ಲ, ಕೂಜೆಯಂಥ ಒಂದು ಚೀಲದೊಳಗೆ ಇರುತ್ತದೆ. ಕೂಜೆಯ ಮೂತಿಯಿಂದ ಎಳೆಗಳು ಹೊರಗೆ ಬಂದಿರುತ್ತವೆ. ನೀಲಗಿರಿ ಕಡೆಯ ಕಾರೆಕ್ಸ್ ಬಾಕನ್ಸ್‌ನಲ್ಲಿ ಈ ಚೀಲಗಳು ಕೆಂಪಾಗಿ, ದೂರದಿಂದ ಹಣ್ಣಿನ ಗೊಂಚಲಿನ ಹಾಗೆ ಕಾಣುತ್ತವೆ.

ಚಾಪೆ ಹೆಣೆಯುವುದು ಯಾವ ಜೇಕಿನಿಂದ?

ತಿರುನೆಲ್ವೇಲಿ ಹತ್ತಿರದ ಪತ್ತಮಡೈ ಚಾಪೆಯ ‘ಕೋರೈ’ ಸೈಪರಸ್ ಪಂಗೊರೈ. ಬಂಗಾಳದ ಮಾದೂರ್ ಚಾಪೆಯೂ ಇದೇ ಬಳಗದ್ದು. ನೇಯಲು ಬೇಕಾದ್ದು ಗೆಣ್ಣಿಲ್ಲದ ಉದ್ದ ಕಾಂಡ. ಜೇಕಿನ ಗುರುತೇ ಅಲ್ಲಿ ಉಪಯೋಗಕ್ಕೆ ಬಂದಿದೆ. ನಮ್ಮ ಕರಾವಳಿಯಲ್ಲಿ ಕೇದಿಗೆ ಜಾತಿಯ ಓಲೆಯಿಂದ ಹೆಣೆಯುವ ಚಾಪೆ ಬೇರೆ, ಅದು ಜೇಕಲ್ಲ.

ಮನೆ ಮುಂದಿನ ಕುಂಡದ ‘ಅಂಬ್ರೆಲಾ’ ಗಿಡ?

ಅದೂ ಸೈಪರಸ್ಸೇ, ಇನ್ವಾಲ್ಯುಕ್ರಾಟಸ್ ಎಂಬ ಆಫ್ರಿಕದ ಜಾತಿ. ಛತ್ರಿಯಂತೆ ಕಾಣುವುದು ತೆನೆಯ ಬುಡದ ಎಲೆಗಳು. ಅವು ಸಪೂರವಾಗಿ ಕೂದಲಿನ ಜೊಂಪೆಯ ಹಾಗಿದ್ದು, ಗಿಡ ಆಳೆತ್ತರ ಮೀರಿದ್ದರೆ ಪಪೈರಸ್ ಇರಬಹುದು, ಹಳೆಯ ಈಜಿಪ್ಟಿನವರು ಬರೆಯುವ ಹಾಳೆ ಮಾಡಿಕೊಂಡ ಗಿಡ.

ಒಂದೇ ಗಿಡಕ್ಕೆ ಒಂದೊಂದು ಕಡೆ ಒಂದೊಂದು ಹೆಸರು. ಯಾಕೆ?

ಡಿಎನ್‌ಎ ನೋಡಿದ ಮೇಲೆ ಕಿಲ್ಲಿಂಗ, ಪೈಕ್ರಿಯಸ್ ಮುಂತಾದವೆಲ್ಲ ಸೈಪರಸ್ ಒಳಗಿನ ಕವಲುಗಳೇ ಎಂದು ಗೊತ್ತಾಯಿತು. ಈಗ ಅನೇಕರು ಎಲ್ಲವನ್ನೂ ಸೈಪರಸ್‌ಗೆ ಸೇರಿಸುತ್ತಾರೆ. ಹಾಗೆ ಸೇರಿಸಿದರೆ ಅದರಲ್ಲಿ ಸುಮಾರು 950 ಜಾತಿ. ಫಿಂಬ್ರಿಸ್ಟೈಲಿಸ್ ಮಿಲಿಯೇಸಿಯವನ್ನು ಕೆಲವರು ಲಿಟ್ಟೊರಾಲಿಸ್ ಎನ್ನುತ್ತಾರೆ. ಹೊಲದಲ್ಲಿ ಕೆಲಸ ಮಾಡುವಾಗ ಹಳೆಯ ಕುಲಗಳೇ ನನಗೆ ಅನುಕೂಲ. ಬಿಳಿ ಉಂಡೆ ಕಂಡರೆ ಬಾಯಿಗೆ ಬರುವುದು ಕಿಲ್ಲಿಂಗ. ಪಟ್ಟಿ ಬರೆಯುವಾಗ ಎರಡೂ ಹೆಸರು ಹಾಕಿ.

ಫೋಟೋ ತೆಗೆದು ಆ್ಯಪ್‌ಗೆ ಹಾಕಿದರೆ ಸಾಕಲ್ವಾ?

ಕುಲದವರೆಗೆ ಕೆಲವೊಮ್ಮೆ ಸಾಕು. ನಿಂತಲ್ಲಿಂದ ಗಿಡವಿಡೀ ತೆಗೆದ ಒಂದು ಫೋಟೋ ಮಾತ್ರ ಏನೂ ಹೇಳುವುದಿಲ್ಲ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವುದಾದರೆ ಬುಡ, ಬೇರು, ಕೊಯ್ದ ಕಾಂಡ, ತೆನೆಯ ಬುಡದ ಎಲೆ, ಒಂದು ಕಿರುತೆನೆ, ಗ್ರಾಫ್ ಹಾಳೆಯ ಮೇಲೆ ಬೀಜ, ಎಲ್ಲ ಬೇರೆ ಬೇರೆ ತೆಗೆಯಿರಿ. ಬೀಜದ ಫೋಟೋಗೆ ಭೂತಗನ್ನಡಿಯನ್ನೇ ಮೊಬೈಲ್ ಕ್ಯಾಮರಾದ ಮುಂದೆ ಹಿಡಿದರೆ ಆಯಿತು.

ಒಣಗಿಸಿ ಇಡುವುದು ಹೇಗೆ?

ಬೇರುಸಮೇತ ತೊಳೆದು ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಉದ್ದದ ಗಿಡವನ್ನು ಇಂಗ್ಲಿಷಿನ ವಿ ಅಥವಾ ಎನ್ ಅಕ್ಷರದ ಹಾಗೆ ಮಡಚಿ. ಮಳೆಗಾಲದಲ್ಲಿ ದಿನಾ ಪೇಪರ್ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಉದುರುವ ಬೀಜಕ್ಕೆ ಕಾಗದದ ಪೊಟ್ಟಣ ಮಾಡಿ ಜೊತೆಗೇ ಅಂಟಿಸಿ. ಊರು, ತಾರೀಖು, ನೀರಿನಲ್ಲಿತ್ತೋ ಬದುವಿನಲ್ಲಿತ್ತೋ, ಹಸಿಯಾಗಿದ್ದಾಗಿನ ಬಣ್ಣ, ಇಷ್ಟನ್ನು ಅವತ್ತೇ ಬರೆಯಿರಿ. ಒಣಗಿದ ಮೇಲೆ ಎಲ್ಲವೂ ಕಂದು. ಸಂಶಯ ಬಿದ್ದರೆ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಣ ಸಸ್ಯಗಳ ಸಂಗ್ರಹ ಇದೆ.

ಶುರು ಮಾಡುವವರು ಎಷ್ಟು ಜಾತಿ ಕಲಿಯಬೇಕು?

ಮೊದಲ ಮಳೆಗಾಲಕ್ಕೆ ಐದು ಸಾಕು. ಕೊನ್ನಾರಿ, ಐರಿಯ, ಡಿಫಾರ್ಮಿಸ್, ಫಿಂಬ್ರಿಸ್ಟೈಲಿಸ್ ಡೈಕಾಟಮ, ಬಿಳಿ ಕಿಲ್ಲಿಂಗ. ಐದೂ ಬಹುಶಃ ನಿಮ್ಮ ಮನೆಯಿಂದ ಒಂದು ಕಿಲೋಮೀಟರ್ ಒಳಗೇ ಇವೆ. ಚಪ್ಪಲಿ ಬೇಡ, ಗಂಬೂಟು ಹಾಕಿಕೊಂಡು ಹೋಗಿ. ಜೇಕು ಇರುವ ಕೆಸರಲ್ಲಿ ಜಿಗಣೆಯೂ ಇರಬಹುದು.